ಸೈಕ್ಲೋಡೆಕ್ಸ್‌ಟ್ರಿನ್, ಗ್ಲೈಸಿನ್, ಟ್ವೀನ್ 80: ಸ್ಟೆರಾಲ್ ಪ್ರಯೋಗಕ್ಕೆ ಯಾವ ಬಾಟಲಿ ಕೊಳ್ಳಬೇಕು?

ಶಂಕರಘಟ್ಟದ ವಿಶ್ವವಿದ್ಯಾಲಯವಿರಲಿ, ಶಿವಮೊಗ್ಗ ಪೇಟೆಯ ಕಾಲೇಜಿರಲಿ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಸ್ಟೆರಾಲ್ ಪರಿವರ್ತನೆ (ಗಿಡದ ಸ್ಟೆರಾಲನ್ನು ಬ್ಯಾಕ್ಟೀರಿಯಾ ಬಳಸಿ ಸ್ಟೀರಾಯ್ಡ್ ಔಷಧಿಯ ಕಚ್ಚಾವಸ್ತುವಾಗಿಸುವ ಕೆಲಸ) ಎತ್ತಿಕೊಂಡವರು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. ಬ್ಯಾಕ್ಟೀರಿಯಾ ಬೆಳೆದಿದೆ, ಸ್ಟೆರಾಲ್ ಹಾಕಿದೆ, ಆರು ದಿನ ಶೇಕರಿನಲ್ಲಿ ಕುಣಿಸಿದೆ, ಆದರೆ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿ ಫಲಕದ ಮೇಲೆ ಎಡಿ ಎಂಬ ಉತ್ಪನ್ನದ ಚುಕ್ಕೆ ಕಾಣುವುದೇ ಕಷ್ಟ. ಕೋಶಭಿತ್ತಿ ಬಿಗಿಯಾಗಿದೆ, ಅದನ್ನು ಸಡಿಲಿಸಬೇಕು ಅಂತ ಯಾರೋ ಹೇಳುತ್ತಾರೆ. ಏನು ಹಾಕಿ ಸಡಿಲಿಸಬೇಕು ಎಂದರೆ ಮೂರು ಹೆಸರು ಬರುತ್ತವೆ: ಸಕ್ಕರೆಯ ಬಳೆಯಂತಿರುವ ಸೈಕ್ಲೋಡೆಕ್ಸ್‌ಟ್ರಿನ್, ಗ್ಲೈಸಿನ್ ಎಂಬ ಅಮೈನೊ ಆಮ್ಲ, ಸೋಪಿನಂತೆ ಕೆಲಸ ಮಾಡುವ ಟ್ವೀನ್ 80. ಆ ಮೂರರ ವಿಮರ್ಶೆ ಇದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದೇ ಬಾಟಲಿಗೆ ದುಡ್ಡಿದ್ದರೆ ಹೈಡ್ರಾಕ್ಸಿಪ್ರೊಪೈಲ್ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ತನ್ನಿ. 10 ಗ್ರಾಂ ಸಾಕು. ಗ್ಲೈಸಿನ್ ಹೇಗೂ ಕಪಾಟಿನಲ್ಲಿ ಇರುತ್ತದೆ. ಹಾಕುವ ಹೊತ್ತು ಸರಿಯಾಗಿದ್ದರೆ ಅದು ಕೊಟ್ಟ ಕಾಸಿಗೆ ಮೋಸ ಮಾಡುವುದಿಲ್ಲ, ಹೊತ್ತು ತಪ್ಪಿದರೆ ಕಲ್ಚರನ್ನೇ ಕೊಲ್ಲುತ್ತದೆ. ಟ್ವೀನ್ 80 ಬೇಕು, ಆದರೆ ಅದು ಭಿತ್ತಿ ತೆರೆಯುತ್ತದೆ ಎಂಬ ನಂಬಿಕೆಯಿಂದ ಅಲ್ಲ. ಬರೀ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಈ ಕೆಲಸಕ್ಕೆ ಬೇಡ.

ಹಿನ್ನೆಲೆ ಚುಟುಕಾಗಿ. ಬೀಟಾ ಸಿಟೊಸ್ಟೆರಾಲಿನ ಅಣುತೂಕ 414.7. ಅದರ ಪಕ್ಕದ ಸರಪಳಿಯನ್ನು ಬ್ಯಾಕ್ಟೀರಿಯಾ ತುಂಡು ತುಂಡಾಗಿ ಕಡಿದು ತಿಂದು, ನಾಲ್ಕು ಉಂಗುರಗಳನ್ನು ಹಾಗೇ ಬಿಟ್ಟರೆ ಸಿಗುವುದು ಆಂಡ್ರೊಸ್ಟೀನ್‌ಡಯೋನ್, ಲ್ಯಾಬಿನ ಮಾತಿನಲ್ಲಿ ಎಡಿ. ಅದರ ಅಣುತೂಕ 286.4. ಹಾಗಾಗಿ 1 ಗ್ರಾಂ ಸಿಟೊಸ್ಟೆರಾಲಿನಿಂದ ಸಿಗಬಹುದಾದ ಎಡಿ ಹೆಚ್ಚೆಂದರೆ 0.69 ಗ್ರಾಂ. ತೂಕಕ್ಕೆ ತೂಕ ಭಾಗಿಸಿ ಇಳುವರಿ 60 ಶೇಕಡಾ ಎಂದು ಬರೆದವರ ನಿಜವಾದ ಮೋಲಾರ್ ಇಳುವರಿ, ಅಂದರೆ ಅಣುಗಳ ಎಣಿಕೆಯ ಇಳುವರಿ, 87 ಶೇಕಡಾ. ವರದಿಯಲ್ಲಿ ಯಾವ ಲೆಕ್ಕ ಹಿಡಿದಿದ್ದೀರಿ ಎಂದು ಬರೆಯಲೇಬೇಕು. ರೂಪಾಂತರವಾಗದ ಕಾಡಿನ ತಳಿ ಉಂಗುರವನ್ನೂ ಒಡೆದು ಪೂರ್ತಿ ಅರಗಿಸಿಕೊಳ್ಳುತ್ತದೆ. 1972ರಲ್ಲಿ ವರದಿಯಾದ, ಅಮೆರಿಕದ ತಳಿ ಸಂಗ್ರಹವೊಂದರ ಎನ್‌ಆರ್‌ಆರ್‌ಎಲ್ ಬಿ-3683, ಬಿ-3805 ಎಂಬ ಮೈಕೊಬ್ಯಾಕ್ಟೀರಿಯಂ ರೂಪಾಂತರಗಳು ಉಂಗುರದ ಹತ್ತಿರ ಬಂದು ನಿಲ್ಲುತ್ತವೆ. ಮೊದಲನೆಯದು ಮುಖ್ಯವಾಗಿ ಎಡಿಡಿ (ಎಡಿಗಿಂತ ಒಂದು ಜೋಡಿಬಂಧ ಹೆಚ್ಚಿರುವ ವಸ್ತು) ಕೊಡುತ್ತದೆ, ಎರಡನೆಯದು ಎಡಿ. ಮಣ್ಣಿನಿಂದ ತೆಗೆದ ತಳಿಯ ಭಿತ್ತಿಯನ್ನು ಸಡಿಲಿಸಿ ಎಡಿ ಬರಲಿ ಎಂದು ಕಾಯುವವರಿಗೆ ಬರುವುದು ಸೊನ್ನೆ. ಬಾಗಿಲು ತೆರೆದಷ್ಟೂ ಒಳಗಿನವರು ಬೇಗ ಊಟ ಮುಗಿಸುತ್ತಾರೆ, ಅಷ್ಟೆ. ಅಂಥ ತಳಿಯಲ್ಲೇ ಕೆಲಸ ಆಗಬೇಕಿದ್ದರೆ ಬೈಪಿರಿಡಿಲ್‌ನಂಥ ಕಬ್ಬಿಣ ಹಿಡಿಯುವ ವಸ್ತು ಹಾಕಿ ಉಂಗುರ ಒಡೆಯಲು ಬೇಕಾದ 9-ಆಲ್ಫಾ ಹೈಡ್ರಾಕ್ಸಿಲೇಸ್ ಕಿಣ್ವವನ್ನು ತಡೆಯಬೇಕು. ಬಾಟಲಿ ಕೊಳ್ಳುವ ಮೊದಲು ತಳಿಯ ಸಂಖ್ಯೆ ನೋಡಿ ಎನ್ನುವುದು ಇದಕ್ಕೇ.

ಇನ್ನು ಭಿತ್ತಿ. ಮೈಕೊಬ್ಯಾಕ್ಟೀರಿಯಾದ ಭಿತ್ತಿಯಲ್ಲಿ ಒಳಗಿನಿಂದ ಹೊರಕ್ಕೆ ಪೆಪ್ಟಿಡೊಗ್ಲೈಕನ್ ಬಲೆ, ಅದಕ್ಕೆ ಹೊಲಿದಂತೆ ಅರಾಬಿನೊಗ್ಯಾಲಕ್ಟನ್ ಎಂಬ ಸಕ್ಕರೆ ಪದರ, ಅದರ ತುದಿಗಳಿಗೆ ಅಂಟಿದ ಮೈಕೋಲಿಕ್ ಆಮ್ಲಗಳು. ಈ ಆಮ್ಲಗಳಲ್ಲಿ 60ರಿಂದ 90 ಇಂಗಾಲ. ಮಳೆಗಾಲದ ನಾಟಿಗೆ ಗೊರಬು ಹೊದ್ದು ಗದ್ದೆಗೆ ಇಳಿದವರನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ನೀರು ಜಾರಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಆದರೆ ಸ್ಟೆರಾಲ್ ನೀರಲ್ಲ, ಕೊಬ್ಬಿನ ಜಾತಿ. ಮೇಣದ ಪದರದಲ್ಲಿ ಅದು ಸೇರಿಕೊಳ್ಳುತ್ತದೆ. ಕಷ್ಟ ಅದರ ಆಚೆಗೆ ದಾಟುವುದರಲ್ಲಿ. ಸಕ್ಕರೆ ಪದರ, ಪೆಪ್ಟಿಡೊಗ್ಲೈಕನ್ ಎರಡೂ ನೀರಿನ ಸ್ನೇಹಿತರು. ಅಲ್ಲಿಂದ ಒಳಪೊರೆಗೆ ಸಾಗಿಸಲು ಎಂಸಿಇ4 ಎಂಬ ಸಾಗಣೆ ವ್ಯವಸ್ಥೆ ಬೇಕು. ಸುಮ್ಮನೆ ತೂತು ಕೊರೆದರೆ ಸ್ಟೆರಾಲ್ ಸುರಿದು ಬರುತ್ತದೆ ಎಂಬ ಕಲ್ಪನೆಯನ್ನು ಇಲ್ಲೇ ಬಿಡುವುದು ಒಳ್ಳೆಯದು.

ನಮ್ಮ ಮುಖ್ಯ ಮಾತು ಇನ್ನೊಂದಿದೆ. ಭಿತ್ತಿಯ ತಲೆಗೆ ಕಟ್ಟುವ ಬಹುಪಾಲು ಸೋಲು ಭಿತ್ತಿಯದಲ್ಲ. ನೆಂಟ ದಣಪೆ ದಾಟಿ ಅಂಗಳಕ್ಕೇ ಬಂದಿಲ್ಲ. ಜಗಲಿಯ ಬಾಗಿಲು ಚಿಕ್ಕದಾಯಿತು ಎಂದು ದೂರಿದರೆ ಏನು ಪ್ರಯೋಜನ? ಸ್ಟೆರಾಲ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಫ್ಲಾಸ್ಕಿನ ಗಾಜಿಗೆ ಬಿಳಿ ಉಂಗುರವಾಗಿ ಮೆತ್ತಿಕೊಂಡ ಪುಡಿ ಜೀವಕೋಶವನ್ನು ಮುಟ್ಟಿಯೇ ಇಲ್ಲ. ಮೂರು ಬಾಟಲಿಗಳನ್ನೂ ಈ ಎರಡು ಕೆಲಸಗಳಲ್ಲಿ, ಅಂದರೆ ಸ್ಟೆರಾಲನ್ನು ಕೋಶದ ಹತ್ತಿರ ತರುವುದು ಮತ್ತು ಭಿತ್ತಿಯನ್ನು ಸಡಿಲಿಸುವುದು, ಯಾವುದನ್ನು ಮಾಡುತ್ತವೆ ಎಂದು ಬಿಡಿಸಿ ನೋಡಬೇಕು.

ಮೊದಲು ಸ್ಟೆರಾಲ್ ಪುಡಿಯ ಬಗ್ಗೆಯೇ ಎರಡು ಮಾತು. ಸೋಯಾದಿಂದ ತೆಗೆದ ಮಿಶ್ರ ಫೈಟೊಸ್ಟೆರಾಲ್ ಸಾಕು. ಸಿಟೊಸ್ಟೆರಾಲ್, ಕ್ಯಾಂಪೆಸ್ಟೆರಾಲ್, ಸ್ಟಿಗ್ಮಾಸ್ಟೆರಾಲ್ ಎಲ್ಲವೂ ಸರಪಳಿ ಕಳೆದುಕೊಂಡ ಮೇಲೆ ಒಂದೇ ಎಡಿಗೆ ಬರುತ್ತವೆ, ಹಾಗಾಗಿ ಶುದ್ಧ ಸಿಟೊಸ್ಟೆರಾಲಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಶುದ್ಧವಾದದ್ದು 100 ಮಿಲಿಗ್ರಾಂ ಮಾತ್ರ ತರಿಸಿ, ಟಿಎಲ್‌ಸಿಯಲ್ಲಿ ಗುರುತಿಗೆ ಬಳಸಿ. ಆಹಾರದ ದರ್ಜೆಯ ಪುಡಿ ಕೊಳ್ಳುವಾಗ ಲೇಬಲ್ ಪೂರ್ತಿ ಓದಬೇಕು. ಸ್ಟೆರಾಲ್ ಎಸ್ಟರ್ ಎಂದಿದ್ದರೆ ಅದು ಕೊಬ್ಬಿನಾಮ್ಲಕ್ಕೆ ಕಟ್ಟಿದ ರೂಪ. ಮೊದಲು ಅದನ್ನು ಬಿಡಿಸಬೇಕು. ನೀರಿನಲ್ಲಿ ಕದಡುವ ಪುಡಿ ಎಂದಿದ್ದರೆ ಮಾಲ್ಟೊಡೆಕ್ಸ್‌ಟ್ರಿನ್, ಎಮಲ್ಸಿಫೈಯರ್ ಬೆರೆಸಿರುತ್ತಾರೆ, ತೂಕ ಕೆಡುತ್ತದೆ. ಅಕ್ಕಿ ತೌಡಿನ ಗಾಮಾ ಒರೈಜನಾಲ್ ನಮ್ಮ ಕಡೆಯ ಭತ್ತದ ಗಿರಣಿಗಳನ್ನು ನೆನಪಿಸುವುದರಿಂದ ಆಸೆ ಹುಟ್ಟಿಸುತ್ತದೆ, ಆದರೆ ಅದೂ ಫೆರುಲಿಕ್ ಆಮ್ಲಕ್ಕೆ ಕಟ್ಟಿದ ಎಸ್ಟರೇ.

ಈಗ ಸೈಕ್ಲೋಡೆಕ್ಸ್‌ಟ್ರಿನ್. ಬೀಟಾ ಜಾತಿಯದು ಏಳು ಗ್ಲುಕೋಸ್ ಸೇರಿ ಆದ ಬಳೆ. ಹೊರಗೆ ನೀರಿಗೆ ಒಲವು, ಒಳಗಿನ ಟೊಳ್ಳಿಗೆ ಕೊಬ್ಬಿನತ್ತ ಒಲವು. ಆ ಟೊಳ್ಳಿನಲ್ಲಿ ಸ್ಟೆರಾಲ್ ಸಿಕ್ಕಿಕೊಂಡು ನೀರಿನಲ್ಲಿ ಸಾಗುತ್ತದೆ. ಬರೀ ಬೀಟಾ ರೂಪ ಲೀಟರಿಗೆ ಸುಮಾರು 18 ಗ್ರಾಂ ಮಾತ್ರ ಕರಗುತ್ತದೆ, ಸ್ಟೆರಾಲಿನೊಂದಿಗೆ ಸೇರಿದ ಮೇಲೆ ಕೆಳಗೆ ಕೂರುತ್ತದೆ. ಹೈಡ್ರಾಕ್ಸಿಪ್ರೊಪೈಲ್ ರೂಪ ಲೀಟರಿಗೆ ನೂರಾರು ಗ್ರಾಂ ಕರಗುತ್ತದೆ. ಮೀಥೈಲ್ ರೂಪ ಸ್ಟೆರಾಲನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಕೋಶದ ಲಿಪಿಡ್ಡನ್ನೂ ಅಷ್ಟೇ ಚೆನ್ನಾಗಿ ಎಳೆಯುತ್ತದೆ. ಹೊಸಬರ ಕೈಗೆ ಅದು ಬೇಡ.

ಲೆಕ್ಕ ಹೀಗೆ. ಲೇಬಲಿನಲ್ಲಿ ಮೋಲಾರ್ ಸಬ್‌ಸ್ಟಿಟ್ಯೂಶನ್ 0.6 ಎಂದಿದ್ದರೆ ಅದು ಒಂದು ಗ್ಲುಕೋಸಿಗೆ ಅಂಟಿದ ಹೈಡ್ರಾಕ್ಸಿಪ್ರೊಪೈಲ್ ಗುಂಪಿನ ಲೆಕ್ಕ. ಏಳರಿಂದ ಗುಣಿಸಿ, 4.2. ಒಂದೊಂದಕ್ಕೆ 58 ಕೂಡಿಸಿ. ಬರೀ ಬೀಟಾ ರೂಪದ 1135ಕ್ಕೆ 244 ಸೇರಿ ಅಣುತೂಕ ಸುಮಾರು 1380. ಲೇಬಲಿನಲ್ಲಿ 0.9 ಇದ್ದರೆ 1500. ಈ ಗುಣಾಕಾರ ಮರೆತು ಬರೀ 0.6ಕ್ಕೆ ಲೆಕ್ಕ ಹಾಕುವುದು ಪದೇ ಪದೇ ಆಗುವ ತಪ್ಪು. 250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ. ಮಾಧ್ಯಮ, ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 50 ಮಿಲಿಗ್ರಾಂ ಸ್ಟೆರಾಲ್ ಎಂದರೆ 0.12 ಮಿಲಿಮೋಲ್. ಅದರ ಎರಡು ಪಟ್ಟು ಸೈಕ್ಲೋ ಬೇಕು: 0.24 ಮಿಲಿಮೋಲ್, ಸುಮಾರು 330 ಮಿಲಿಗ್ರಾಂ. 10 ಗ್ರಾಂ ಬಾಟಲಿಯಲ್ಲಿ 30 ಫ್ಲಾಸ್ಕ್ ಆಗುತ್ತದೆ. ಒಂದು ಪ್ರಾಜೆಕ್ಟಿಗೆ ಧಾರಾಳ.

ಮೊದಲು ಸೈಕ್ಲೋವನ್ನು ಮಾಧ್ಯಮದಲ್ಲಿ ಕರಗಿಸಿ. ಆಮೇಲೆ ಖಲ್ಲಿನಲ್ಲಿ ನುಣ್ಣಗೆ ಅರೆದ ಸ್ಟೆರಾಲನ್ನು ಉದುರಿಸುತ್ತಾ 55–60 ಡಿಗ್ರಿಯಲ್ಲಿ ಒಂದು ಗಂಟೆ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿರುಗಿಸಿ. ಪೂರ್ತಿ ತಿಳಿಯಾಗುವುದಿಲ್ಲ, ನೀರು ಮಜ್ಜಿಗೆಯಂತೆ ಮಬ್ಬಾದರೆ ಸಾಕು. ಬಿಳಿ ಗಂಟು ತೇಲುತ್ತಿದ್ದರೆ ಮುಂದೆ ಹೋಗಬೇಡಿ, ಇನ್ನೊಮ್ಮೆ ಅರೆಯಿರಿ. ನಂತರ 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್. ಸ್ಟೆರಾಲ್ ಕರಗುವ ಬಿಂದು ಇದಕ್ಕಿಂತ ಮೇಲೆ, 140ರ ಆಸುಪಾಸು. ಹಿಡಿದಿಡುವ ವಸ್ತು ಇಲ್ಲದಿದ್ದರೆ ಆಟೋಕ್ಲೇವಿನಲ್ಲಿ ಅದು ಮೆತ್ತಗಾಗಿ ಒಂದಕ್ಕೊಂದು ಅಂಟಿ ಗೋಲಿಯಾಗುತ್ತದೆ. ಬಿಸಿ ಎಥೆನಾಲಿನಲ್ಲಿ ಕರಗಿಸಿ ಸುರಿಯುವ ದಾರಿ ಸುಲಭ ಅನ್ನಿಸುತ್ತದೆ, ಆದರೆ ನೀರು ತಾಕಿದ ಕ್ಷಣ ಮತ್ತೆ ಹರಳುಗಟ್ಟುತ್ತದೆ, ಎಥೆನಾಲ್ ಜಾಸ್ತಿಯಾದರೆ ಬೆಳವಣಿಗೆಯೂ ಕುಗ್ಗುತ್ತದೆ.

ಈ ಬಾಟಲಿಯನ್ನು ಮೆಚ್ಚಲು ಇನ್ನೂ ಎರಡು ಕಾರಣ ಇವೆ. ಆಗಿಬಂದ ಎಡಿಯನ್ನೂ ಇದು ಹಿಡಿದುಕೊಳ್ಳುವುದರಿಂದ ಕೋಶದ ಮೇಲೆ ಎಡಿಯ ವಿಷಪ್ರಭಾವ ತಗ್ಗುತ್ತದೆ. ಜೊತೆಗೆ ಮೇಣದ ಪದರದಿಂದ ಒಂದಿಷ್ಟು ಲಿಪಿಡ್ ಕಿತ್ತು ಭಿತ್ತಿಯನ್ನೂ ಸಡಿಲಿಸುತ್ತದೆ. ಅಂದರೆ ಎರಡೂ ಕೆಲಸ. ಮೊದಲ ಸ್ಥಾನ ಕೊಟ್ಟದ್ದು ಅದಕ್ಕೆ. ಕೊರತೆ ಎಂದರೆ ಬೆಲೆ. ಗ್ರಾಂ ಲೆಕ್ಕದಲ್ಲಿ ಗ್ಲೈಸಿನ್ನಿಗೂ ಇದಕ್ಕೂ ಅಜಗಜಾಂತರ. ಮತ್ತೆ ಮಲೆನಾಡಿನ ಮಳೆಗಾಲ. ಪುಡಿ ತೇವ ಹೀರುತ್ತದೆ. ಜುಲೈಯಲ್ಲಿ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಮುಚ್ಚಳ ತೆರೆದಿಟ್ಟು ತೂಗಿದ 330 ಮಿಲಿಗ್ರಾಮಿನಲ್ಲಿ ನೀರೆಷ್ಟು, ಸೈಕ್ಲೋ ಎಷ್ಟು ಗೊತ್ತಾಗುವುದಿಲ್ಲ. ಬಾಟಲಿ ಬಂದ ದಿನವೇ ಒಣ ವಯಲುಗಳಿಗೆ ಒಂದೊಂದು ಗ್ರಾಂ ಹಂಚಿ, ಬಿಗಿಯಾಗಿ ಮುಚ್ಚಿ, ನೀಲಿ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿಡಿ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಒಣಗಿಸಿ ಮತ್ತೆ ಹಾಕಿ.

ಗ್ಲೈಸಿನ್ ಭಿತ್ತಿಯ ಮೇಲೆ ನೇರ ಕೆಲಸ ಮಾಡುತ್ತದೆ. ಪೆಪ್ಟಿಡೊಗ್ಲೈಕನ್ ಹೆಣೆಯುವಾಗ ಡಿ-ಅಲನಿನ್ ಇರಬೇಕಾದ ಜಾಗಕ್ಕೆ ಗ್ಲೈಸಿನ್ ನುಗ್ಗುತ್ತದೆ, ಅಡ್ಡಹೊಲಿಗೆ ಸರಿಯಾಗಿ ಬೀಳುವುದಿಲ್ಲ, ಬಲೆ ಸಡಿಲವಾಗುತ್ತದೆ. ಅದರ ಮೇಲೆ ನಿಂತ ಸಕ್ಕರೆ ಪದರ, ಮೇಣ ಎಲ್ಲವೂ ಅಷ್ಟು ಒತ್ತಾಗಿ ನಿಲ್ಲುವುದಿಲ್ಲ. ಇದರಿಂದಲೇ ಒಂದು ನಿಯಮ ಹುಟ್ಟುತ್ತದೆ: ಹೊಸ ಭಿತ್ತಿ ಕಟ್ಟುತ್ತಿರುವ ಕೋಶಕ್ಕೆ ಮಾತ್ರ ಗ್ಲೈಸಿನ್ ನಾಟುತ್ತದೆ. ಬೆಳವಣಿಗೆ ನಿಂತ 72 ಗಂಟೆಯ ಕಲ್ಚರಿಗೆ ಹಾಕಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಇನಾಕ್ಯುಲಮ್ (ಬಿತ್ತನೆಯ ಬ್ಯಾಕ್ಟೀರಿಯಾ) ಜೊತೆಯಲ್ಲೇ ಹೆಚ್ಚು ಹಾಕಿದರೆ ಬೆಳೆಯುವುದೇ ಇಲ್ಲ. ಇನಾಕ್ಯುಲಮ್ ಹಾಕಿ 20–24 ಗಂಟೆಗೆ, ಕಲ್ಚರ್ ಏರುವ ಹಂತದಲ್ಲಿರುವಾಗ ಸೇರಿಸಿ.

ಪ್ರಮಾಣ ತಳಿಯಿಂದ ತಳಿಗೆ ಬೇರೆ. ಲೀಟರಿಗೆ 2.5, 5, 10, 15 ಗ್ರಾಂ ಎಂದು ನಾಲ್ಕು ಮೆಟ್ಟಿಲಲ್ಲಿ ಪರೀಕ್ಷಿಸಿ, ಜೀವಕೋಶದ ಒಣತೂಕ ಅರ್ಧಕ್ಕಿಂತ ಕೆಳಗಿಳಿಯುವ ಮೆಟ್ಟಿಲನ್ನು ಬಿಟ್ಟುಬಿಡಿ. ಲೀಟರಿಗೆ 200 ಗ್ರಾಂ ಕರಗಿಸಿದ ದ್ರಾವಣ ಮಾಡಿಟ್ಟುಕೊಂಡರೆ 50 ಮಿ.ಲೀ. ಮಾಧ್ಯಮಕ್ಕೆ 2.5 ಮಿ.ಲೀ. ಹಾಕಿದಾಗ ಲೀಟರಿಗೆ ಸುಮಾರು ಹತ್ತು ಗ್ರಾಂ ಆಗುತ್ತದೆ. ಇದನ್ನು ಗ್ಲುಕೋಸಿನ ಜೊತೆ ಆಟೋಕ್ಲೇವ್ ಮಾಡಬೇಡಿ. ಅಮೈನೊ ಆಮ್ಲ ಮತ್ತು ಸಕ್ಕರೆ ಬಿಸಿಯಲ್ಲಿ ಸೇರಿದರೆ ಮಾಧ್ಯಮ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ಎರಡೂ ಹಾಳು. ಇನ್ನೊಂದು ಎಚ್ಚರ: ಗ್ಲೈಸಿನ್ ಸಾರಜನಕದ ಆಹಾರವೂ ಹೌದು. ಇಳುವರಿ ಏರಿದ್ದು ಭಿತ್ತಿ ಸಡಿಲಾಗಿಯೋ, ಊಟ ಹೆಚ್ಚಾಗಿಯೋ? ಒಂದು ಫ್ಲಾಸ್ಕಿಗೆ ಅಷ್ಟೇ ಮೋಲ್ ಎಲ್-ಅಲನಿನ್ ಹಾಕಿ ಪಕ್ಕದಲ್ಲಿಡಿ. ಗ್ಲೈಸಿನ್ 0.5 ಗ್ರಾಂ ಆದರೆ ಎಲ್-ಅಲನಿನ್ 0.59 ಗ್ರಾಂ. ಈ ಫ್ಲಾಸ್ಕ್ ಇಲ್ಲದ ಗ್ಲೈಸಿನ್ ಫಲಿತಾಂಶವನ್ನು ಪರೀಕ್ಷಕರು ಪ್ರಶ್ನಿಸಿದರೆ ಉತ್ತರವಿರುವುದಿಲ್ಲ.

ಅತಿಯಾದರೆ ಕೋಶ ಸೋರುತ್ತದೆ. ಸರಪಳಿ ಕಡಿಯುವುದು ಒಂದು ಕಿಣ್ವದ ಕೆಲಸವಲ್ಲ, ಕೋಎನ್‌ಜೈಮ್-ಎ, ಎನ್‌ಎಡಿ ಎಂಬ ಸಹಾಯಕ ಅಣುಗಳೆಲ್ಲ ಒಳಗೇ ಇದ್ದು ಸುತ್ತು ತಿರುಗುತ್ತಿರಬೇಕು. ಅವು ಹೊರಗೆ ಸೋರಿದ ಮೇಲೆ ಸ್ಟೆರಾಲ್ ಎಷ್ಟು ಒಳಬಂದರೂ ಕೆಲಸ ನಡೆಯುವುದಿಲ್ಲ. ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು 260 ಮತ್ತು 280 ನ್ಯಾನೊಮೀಟರಿನಲ್ಲಿ ಓದಿ, ಸೋರಿದ ನ್ಯೂಕ್ಲಿಯಿಕ್ ಆಮ್ಲ, ಪ್ರೋಟೀನ್ ಅಲ್ಲಿ ಕಾಣುತ್ತವೆ. ಗ್ಲೈಸಿನ್ ಇಲ್ಲದ ಫ್ಲಾಸ್ಕಿಗಿಂತ ಬಹಳ ಏರಿದ್ದರೆ ಮೇಲಿನ ಮೆಟ್ಟಿಲಿಗೆ ಹೋಗಿದ್ದೀರಿ, ಇಳಿಯಿರಿ.

ಟ್ವೀನ್ 80ಕ್ಕೆ ಕೊಡುವ ಹೊಗಳಿಕೆ ಬೇರೆ ಬಗೆಯದು. ಮೈಕೊಬ್ಯಾಕ್ಟೀರಿಯಾ ಗಂಟುಗಂಟಾಗಿ ಬೆಳೆಯುತ್ತವೆ; ಗಂಟಿನ ನಡುವಿನ ಕೋಶಕ್ಕೆ ಗಾಳಿಯೂ ಸಿಗದು, ಸ್ಟೆರಾಲೂ ಸಿಗದು. ಟ್ವೀನ್ ಗಂಟು ಬಿಡಿಸುತ್ತದೆ, ಸ್ಟೆರಾಲ್ ಕಣಗಳನ್ನೂ ಹರಡಿಡುತ್ತದೆ. ಶೇಕಡಾ 10ರ ದ್ರಾವಣ ಮಾಡಿಟ್ಟು 50 ಮಿ.ಲೀ.ಗೆ ಅರ್ಧ ಮಿ.ಲೀ. ಹಾಕಿದರೆ ಶೇಕಡಾ 0.1. ಅದಕ್ಕಿಂತ ಮೇಲೆ ಹೋದರೆ ನೊರೆ. ಮರೆಯಬಾರದ ಸಂಗತಿ ಎಂದರೆ ಈ ಬ್ಯಾಕ್ಟೀರಿಯಾ ಟ್ವೀನನ್ನು ಒಡೆದು ಅದರ ಓಲಿಯಿಕ್ ಆಮ್ಲವನ್ನು ತಿನ್ನುತ್ತವೆ. ಕಲ್ಚರ್ ದಟ್ಟವಾಗಿ ಕಂಡರೂ ಅದು ಸ್ಟೆರಾಲ್ ತಿಂದು ಬೆಳೆದದ್ದಲ್ಲದೆ ಇರಬಹುದು. ಹಳದಿ ಗಾಢವಾಗಿ ಕಮಟು ವಾಸನೆ ಬರುವ ಹಳೆಯ ಬಾಟಲಿಯಲ್ಲಿ ಬಿಡಿ ಆಮ್ಲ ಹೆಚ್ಚಿರುತ್ತದೆ, ಅದು ಕೋಶಕ್ಕೆ ವಿಷ. ಅಗ್ಗದ ವಸ್ತು, ಹೊಸದನ್ನೇ ತನ್ನಿ.

ಯಾವುದು ಏನು ಮಾಡಿತು ಎಂದು ತಿಳಿಯುವ ಪರೀಕ್ಷೆಗೆ ಹೆಚ್ಚಿನ ಉಪಕರಣ ಬೇಡ. 48 ಗಂಟೆ ಬೆಳೆದ ಕೋಶವನ್ನು ಎರಡು ಪಾಲು ಮಾಡಿ. ಒಂದಕ್ಕೆ ಸ್ಟೆರಾಲ್ ಇಲ್ಲದೆ ಬರೀ ಸೈಕ್ಲೋ ಹಾಕಿ 12 ಗಂಟೆ ಕುಲುಕಿ; ಇನ್ನೊಂದನ್ನು ಬರೀ ಬಫರಿನಲ್ಲಿ ಅಷ್ಟೇ ಹೊತ್ತು. ಎರಡನ್ನೂ ಎರಡು ಸಲ ತೊಳೆದು, ಪಿಹೆಚ್ 7.2ರ 50 ಮಿಲಿಮೋಲಾರ್ ಫಾಸ್ಫೇಟ್ ಬಫರಿಗೆ ಹಾಕಿ, ಟ್ವೀನಿನಲ್ಲಿ ಕದಡಿದ ಸ್ಟೆರಾಲ್ ಕೊಡಿ. ಸೈಕ್ಲೋ ಕಂಡ ಪಾಲು ವೇಗವಾಗಿ ಎಡಿ ಕೊಟ್ಟರೆ ಭಿತ್ತಿ ಸಡಿಲಾಗಿದೆ. ಎರಡೂ ಒಂದೇ ವೇಗವಾಗಿದ್ದು, ಸೈಕ್ಲೋ ಜೊತೆಗಿದ್ದಾಗ ಮಾತ್ರ ಇಳುವರಿ ಏರುವುದಾದರೆ ನಿಮ್ಮ ತೊಡಕು ಕರಗುವಿಕೆಯದು; ಗ್ಲೈಸಿನ್ನಿನ ಹಿಂದೆ ಹೋಗುವ ಕೆಲಸವೇ ಇಲ್ಲ. ಗ್ಲೈಸಿನ್ ಕಂಡ ಕೋಶಕ್ಕೂ ಹೀಗೇ ಮಾಡಬಹುದು. ಕೊಬ್ಬಿನತ್ತ ಒಲವಿರುವ ಎರಿಥ್ರೊಮೈಸಿನ್ ಎಷ್ಟು ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆ ತಡೆಯುತ್ತದೆ ಎಂದು ನೋಡುವುದು ಇನ್ನೊಂದು ಸುಲಭ ದಾರಿ. ಪ್ರಮಾಣ ಇಳಿದಿದ್ದರೆ ಭಿತ್ತಿ ಹೆಚ್ಚು ಒಳಬಿಡುತ್ತಿದೆ ಎಂದು ತಿಳಿಯಬಹುದು.

ಅಳೆಯುವಾಗ ಆಗುವ ತಪ್ಪುಗಳೇ ಹೆಚ್ಚು ಬೇಸರ ತರಿಸುತ್ತವೆ. ಫ್ಲಾಸ್ಕಿನಿಂದ ದಿನಕ್ಕೊಂದು ಮಿ.ಲೀ. ತೆಗೆದು ಸ್ಟೆರಾಲ್ ಅಳೆಯಬೇಡಿ. ಪುಡಿ ಒಂದೇ ಸಮನಾಗಿ ಹರಡಿರುವುದಿಲ್ಲ, ಪಿಪೆಟ್ಟಿಗೆ ಒಂದು ದಿನ ಗಂಟು ಸಿಕ್ಕಿದರೆ ಇನ್ನೊಂದು ದಿನ ಬರೀ ನೀರು. ದಿನಕ್ಕೆ ಮೂರು ಫ್ಲಾಸ್ಕ್ ಪೂರ್ತಿಯಾಗಿ ಬಲಿಕೊಡಿ, ಗೋಡೆಯನ್ನೂ ಈಥೈಲ್ ಅಸಿಟೇಟಿನಿಂದ ತೊಳೆದು ಸೇರಿಸಿ. ಸಮ ಪ್ರಮಾಣದ ಈಥೈಲ್ ಅಸಿಟೇಟಿನಲ್ಲಿ ಮೂರು ಸಲ ತೆಗೆಯಬೇಕು. ಸೈಕ್ಲೋ ಎಡಿಯನ್ನು ನೀರಿನಲ್ಲೇ ಹಿಡಿದಿಡುವುದರಿಂದ ಒಂದು ಸಲಕ್ಕೆ ಪೂರ್ತಿ ಬರುವುದಿಲ್ಲ, ಆಮೇಲೆ ಸೈಕ್ಲೋ ಕೆಲಸ ಮಾಡಲಿಲ್ಲ ಎಂಬ ಸುಳ್ಳು ತೀರ್ಮಾನ ವರದಿ ಸೇರುತ್ತದೆ. ಟಿಎಲ್‌ಸಿಗೆ ಪೆಟ್ರೋಲಿಯಂ ಈಥರ್ ಮತ್ತು ಈಥೈಲ್ ಅಸಿಟೇಟ್ 6:4 ಚೆನ್ನಾಗಿ ನಡೆಯುತ್ತದೆ. ಎಡಿ ಮೇಲೆ, ಎಡಿಡಿ ಅದರ ಕೆಳಗೆ. ಎರಡೂ 254 ನ್ಯಾನೊಮೀಟರ್ ದೀಪಕ್ಕೆ ಕಪ್ಪಾಗಿ ಕಾಣುತ್ತವೆ. ಸಿಟೊಸ್ಟೆರಾಲ್ ಆ ದೀಪಕ್ಕೆ ಕಾಣುವುದೇ ಇಲ್ಲ. ದೀಪದಲ್ಲಿ ಕಾಣಲಿಲ್ಲ ಎಂದು ಸ್ಟೆರಾಲ್ ಮುಗಿಯಿತು ಎನ್ನಬೇಡಿ, ಎಥೆನಾಲಿನಲ್ಲಿ ಶೇಕಡಾ 10 ಗಂಧಕಾಮ್ಲ ಸಿಂಪಡಿಸಿ 105 ಡಿಗ್ರಿಯಲ್ಲಿ ಕಾಯಿಸಿ. ಮಳೆಗಾಲದಲ್ಲಿ ಸಿಲಿಕಾ ಫಲಕವೂ ನೀರು ಕುಡಿದಿರುತ್ತದೆ, ಬಳಸುವ ಮೊದಲು 110 ಡಿಗ್ರಿಯಲ್ಲಿ ಅರ್ಧ ಗಂಟೆ ಇಡದಿದ್ದರೆ ಚುಕ್ಕೆಗಳು ದಿನಕ್ಕೊಂದು ಜಾಗದಲ್ಲಿ ನಿಲ್ಲುತ್ತವೆ.

ಶೇಕರ್ ವಿಷಯ. ಬೇಕಾದದ್ದು 30 ಡಿಗ್ರಿ, ನಿಮಿಷಕ್ಕೆ 200 ಸುತ್ತು, ನಾಲ್ಕರಿಂದ ಆರು ದಿನ. ಬಿಸಿ ಮಾತ್ರ ಮಾಡುವ, ತಂಪು ಮಾಡದ ಶೇಕರ್ ಆಗಸ್ಟಿನಲ್ಲಿ ಸರಿ. ಏಪ್ರಿಲಿನಲ್ಲಿ ಶಿವಮೊಗ್ಗ ಪೇಟೆಯ ಕೋಣೆಯೇ 30 ದಾಟಿರುವಾಗ ಅದು 30ಕ್ಕೆ ಇಳಿಯುವುದು ಹೇಗೆ? ಮಳೆಗಾಲದ ತೊಂದರೆ ಕರೆಂಟು. ಗಾಳಿಮಳೆಗೆ ತಂತಿ ಮೇಲೆ ಮರ ಬಿದ್ದು ಶೇಕರ್ ರಾತ್ರಿಯಿಡೀ ನಿಂತರೆ ಕೋಶ ತಳಕ್ಕೆ, ಸ್ಟೆರಾಲ್ ಮೇಲಕ್ಕೆ, ಆಮ್ಲಜನಕ ಖಾಲಿ. ಸರಪಳಿ ಕಡಿಯುವುದಕ್ಕೆ ಆಮ್ಲಜನಕ ಬೇಕೇ ಬೇಕು. ಅಂಥ ಗುಂಪಿನ ಅಂಕಿಗಳನ್ನು ಉಳಿದವುಗಳ ಜೊತೆ ಸರಾಸರಿ ಮಾಡಬೇಡಿ. ಹತ್ತಿ ಬಿರಡೆ ಒದ್ದೆಯಾದರೆ ಅದರ ಮೂಲಕವೇ ಬೂಷ್ಟು ಇಳಿಯುತ್ತದೆ. ನೀರು ಹೀರದ ಹತ್ತಿಯನ್ನೇ ಬಳಸಿ, ಮೇಲೆ ಸಡಿಲವಾಗಿ ಫಾಯಿಲ್ ಕಟ್ಟಿ.

ಎಥಾಂಬ್ಯುಟಾಲ್, ಐಸೊನಿಯಾಜಿಡ್ ಹಾಕಿ ಭಿತ್ತಿ ಸಡಿಲಿಸಬಹುದು ಎಂದು ಓದಿ ಬಂದು ಕೇಳುವವರಿದ್ದಾರೆ. ವಿಜ್ಞಾನ ಸರಿಯೇ: ಎಥಾಂಬ್ಯುಟಾಲ್ ಅರಾಬಿನನ್ ಕಟ್ಟುವುದನ್ನು ತಡೆಯುತ್ತದೆ, ಐಸೊನಿಯಾಜಿಡ್ ಮೈಕೋಲಿಕ್ ಆಮ್ಲವನ್ನು. ಆದರೂ ವಿದ್ಯಾರ್ಥಿ ಲ್ಯಾಬಿಗೆ ಇವು ಬೇಡ ಎಂದು ಖಂಡಿತವಾಗಿ ಹೇಳುತ್ತೇವೆ. ಇವು ಕ್ಷಯದ ಔಷಧಿಗಳು, ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್1ರ ಪಟ್ಟಿಯಲ್ಲಿ ಬರುವಂಥವು. ಕ್ಷಯಾಣುವಿನ ದಾಯಾದಿ ಬ್ಯಾಕ್ಟೀರಿಯಾವನ್ನು ಇವುಗಳ ಅರೆಪ್ರಮಾಣದಲ್ಲಿ ದಿನಗಟ್ಟಲೆ ಬೆಳೆಸಿದರೆ ನಿರೋಧಕ ತಳಿಯನ್ನು ನಾವೇ ಸಾಕಿದಂತಾಗುತ್ತದೆ. ಸಂಶೋಧಕರು ಈಗ ಮೈಕೋಲಿಕ್ ಆಮ್ಲ ಉದ್ದ ಮಾಡುವ ಕಾಸ್-ಬಿ ಜೀನ್ ತೆಗೆದು ಭಿತ್ತಿಯನ್ನೇ ಸಡಿಲವಾಗಿಸುವ ದಾರಿಗೆ ಹೋಗಿದ್ದಾರೆ. ಅದು ಬಾಟಲಿಯಲ್ಲಿ ಸಿಗುವುದಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಈ ಪರಿವರ್ತನೆಗೆ ಬಳಸುವ ಮೈಕೊಬ್ಯಾಕ್ಟೀರಿಯಂ ನಿಯೊಆರಂ ಮಣ್ಣಿನ ಜೀವಿಯಾದರೂ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರಲ್ಲಿ ಸೋಂಕು ತಂದ ದಾಖಲೆಗಳಿವೆ. ಇನಾಕ್ಯುಲಮ್ ಹಾಕುವುದು ಬಯೋಸೇಫ್ಟಿ ಕ್ಯಾಬಿನೆಟ್ಟಿನಲ್ಲೇ ಆಗಲಿ. ಉಳಿದ ಕಲ್ಚರನ್ನು ಆಟೋಕ್ಲೇವ್ ಮಾಡದೆ ಸಿಂಕಿಗೆ ಸುರಿಯಬೇಡಿ. ಈಥೈಲ್ ಅಸಿಟೇಟ್ ಬೆರೆತದ್ದನ್ನು ಮಾತ್ರ ಆಟೋಕ್ಲೇವಿಗೆ ಇಡಲೇಬಾರದು, ಆವಿಗೆ ಬೆಂಕಿ ಹತ್ತುತ್ತದೆ. ಅದಕ್ಕೆ ಬೇರೆ ಕ್ಯಾನ್, ಹೆಸರು ಬರೆದ ಚೀಟಿ, ಬಿಗಿ ಮುಚ್ಚಳ.